ಮರೆವ್ವನ ಅಡಿಗೆಗೆ ಐದು ಲಕ್ಷದ ವಿಮೆ

ಬೈಲಹೊಂಗಲದ ಬಸ್ ನಿಲ್ದಾಣದಿಂದ ಹತ್ತಿ ಮಾರುಕಟ್ಟೆಯ ಕಡೆಗೆ ಹೊರಟವರು ಮರೆವ್ವನ ಖಾನಾವಳಿ ಎಲ್ಲಿದೆ ಎಂದು ಕೇಳಿದರೆ ಊರವರಿಗೆ ಸಿಟ್ಟು ಬರುತ್ತದೆ. "ಯಾಕ್ರಿ, ಮೂಗಿಲ್ಲೇನ್ರಿ ನಿಮಗ?" ಎಂದು ತಿರುಗಿ ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿ, ಎಣ್ಣೆಗಾಯಿಯ ಬದನೆ, ಹುರಿಯುವ ಶೇಂಗಾ, ಈ ಮೂರರ ವಾಸನೆ ಕೂಡಿ ಎಂಥವನನ್ನಾದರೂ ಕೈಹಿಡಿದು ಒಳಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸುತ್ತದೆ.

ಇಂಥ ಖಾನಾವಳಿಯ ಮಾಲೀಕ ನೀಲಪ್ಪ. ಬೋರ್ಡಿನ ಮೇಲಿನ ಹೆಸರು ತಾಯಿಯದು, ಅಡಿಗೆಯ ಕೈ ತಾಯಿಯದು, ಗಿರಾಕಿಗಳೂ ತಾಯಿಯ ಗಿರಾಕಿಗಳೇ. ಲೈಸೆನ್ಸ್ ಮಾತ್ರ ನೀಲಪ್ಪನದು. ಐವತ್ತೆರಡು ವರ್ಷದ ಈ ಮನುಷ್ಯ ದಿನವಿಡೀ ರೊಕ್ಕ ಎಣಿಸುತ್ತ ಗಲ್ಲೆಯ ಮೇಲೆ ಕೂತಿರುತ್ತಾನೆ. ಉಂಡು ಹೋಗುವವರು "ಅವ್ವಗ ಹೇಳ್ರಿ, ಪಲ್ಯೆ ಭಾಳ ಚಲೋ ಆಗಿತ್ತು" ಎಂದಾಗೆಲ್ಲ "ಹೇಳತೇನ್ರಿ" ಎಂದು ಹಲ್ಲು ಕಿರಿಯುತ್ತಾನೆ. ಇಪ್ಪತ್ತೈದು ವರ್ಷದಿಂದ ಹೇಳುತ್ತಲೇ ಬಂದಿದ್ದಾನೆ. ಯಾರಾದರೂ ಒಬ್ಬರು, ಒಂದೇ ಒಂದು ಸಲ, "ನೀಲಪ್ಪಾ, ಗಲ್ಲೇದ ಮ್ಯಾಲೆ ಭಾಳ ಚಲೋ ಕುಂತೀಯಪಾ" ಎಂದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಹೋದ ದೀಪಾವಳಿಯ ಮುಂದೆ ಅವನು ಏನೋ ಕೆಲಸಕ್ಕೆ ಕಿತ್ತೂರಿಗೆ ಹೋದವನು ಹೆದ್ದಾರಿಯ ಮೇಲಿನ ದೊಡ್ಡ ಹೋಟೆಲಿನಲ್ಲಿ ಚಹಾ ಕುಡಿದ. ಚಹಾ ಸುಮಾರಾಗಿತ್ತು. ಆದರೆ ಗೋಡೆ! ಗೋಡೆಯ ಮೇಲೆ ಕಟ್ಟು ಹಾಕಿದ ಹನ್ನೊಂದು ಸರ್ಟಿಫಿಕೇಟುಗಳು. ಸ್ವಚ್ಛತೆಗೆ ಒಂದು, ನೀರಿಗೆ ಒಂದು, ಇನ್ನುಳಿದವು ಯಾವುದಕ್ಕೋ ಅವನಿಗೆ ಓದಲಾಗಲಿಲ್ಲ. ಓದಲಾಗದ್ದರಿಂದ ಗೌರವ ಮತ್ತೂ ಹೆಚ್ಚಾಯಿತು. ತನ್ನ ಗೋಡೆಯ ಮೇಲೆ ಬುದ್ಧನಿದ್ದಾನೆ, ಬಾಬಾಸಾಹೇಬರಿದ್ದಾರೆ, ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರ್ ಇದೆ. ಮೂರರಲ್ಲಿ ಒಂದೂ ನೀಲಪ್ಪನ ಬಗ್ಗೆ ಏನೂ ಹೇಳುವುದಿಲ್ಲ.

ಮನುಷ್ಯನಿಗೆ ಹಸಿವಾದಾಗ ರೊಟ್ಟಿ ಮಾರುವವನು ಬರದಿದ್ದರೂ ಆಸೆಯಾದಾಗ ವಿಮೆ ಮಾರುವವನು ಬಂದೇ ಬರುತ್ತಾನೆ. ಬಂದವನು ಮುಕುಂದ. ಅವನ ಅಜ್ಜ ಊರೂರು ತಿರುಗಿ ಪುರಾಣ ಹೇಳುತ್ತ ಮಂದಿಗೆ ಪರಲೋಕದ ಭದ್ರತೆಯ ವ್ಯವಸ್ಥೆ ಮಾಡಿದವರು. ಮೊಮ್ಮಗ ಸ್ಕೂಟರಿನ ಮೇಲೆ ತಿರುಗಿ ಇಹಲೋಕದ್ದು ಮಾಡುತ್ತಿದ್ದ. ದಿನಾ ಮಧ್ಯಾಹ್ನ ಅವನ ಊಟ ಮರೆವ್ವನಲ್ಲೇ.

"ನೀಲಪ್ಪನವರ, ನೀವು ಹೂಂ ಅಂದ್ರ ಈ ಊರಾಗ ಮೊದಲನೇದವರು ನೀವ ಆಗ್ತೀರಿ ನೋಡ್ರಿ" ಎಂದ ಮುಕುಂದ, ಬೆರಳಿಗೆ ಹತ್ತಿದ ಚಟ್ನಿಯನ್ನು ನೆಕ್ಕುತ್ತ. "ಕಲುಷಿತ ಆಹಾರದ ವಿಮೆ ಅಂತ. ಯಾವುದರೆ ಗಿರಾಕಿಗೆ ಊಟದಿಂದ ಹೆಚ್ಚುಕಡಿಮಿ ಆಗಿ ದವಾಖಾನಿ ಸೇರಿದಾ ಅಂದ್ರ ಕಂಪನಿ ನೋಡ್ಕೋತದ. ಐದು ಲಕ್ಷದ ತನಕಾ."

ನೀಲಪ್ಪನ ಕಿವಿಗೆ ಬಿದ್ದದ್ದು 'ಮೊದಲನೇದವರು' ಎಂಬ ಒಂದೇ ಮಾತು.

"ಸರ್ಟಿಫಿಕೇಟ್ ಕೊಡತಾರೇನ್ರಿ ರಾಯರ?"

"ಕೊಡ್ತಾರ."

"ಮುದ್ರಿ ಇರತೈತೇನ್ರಿ?"

"ಎರಡು ಇರ್ತಾವ. ಅಂಚಿಗೆ ನೀಲಿ ಬಣ್ಣ ಬ್ಯಾರೆ."

"ಹಂಗಾರ ಎಲ್ಲಿ ಸಹಿ ಮಾಡ್ಲಿ?"

ಹದಿನೈದು ದಿನಕ್ಕೆ ಸರ್ಟಿಫಿಕೇಟ್ ಬಂತು. ನೀಲಪ್ಪ ಅದಕ್ಕೆ ಕಟ್ಟು ಹಾಕಿಸಿ, ಚೆಂಡುಹೂವಿನ ಮಾಲೆ ತಂದು, ಗೋಡೆಗೆ ಮೊಳೆ ಹೊಡೆಯುತ್ತಿರುವಾಗ ಆ ಸಪ್ಪಳಕ್ಕೆ ಮರೆವ್ವ ಕೈಯಲ್ಲಿ ಹಿಟ್ಟಿನ ಮುದ್ದೆ ಹಿಡಿದುಕೊಂಡೇ ಹೊರಗೆ ಬಂದಳು.

"ಅದೇನೋ ನೀಲ್ಯಾ?"

"ವಿಮೆ ಬೇ ಯವ್ವಾ. ನಿನ್ನ ಅಡಗಿಗೆ ವಿಮೆ ಮಾಡಿಸೇನಿ."

"ಯಾಕ? ನನ್ನ ಅಡಗಿ ಸತ್ತೈತೇನು?"

ಸಾವಿಗೂ ವಿಮೆಗೂ ಸಂಬಂಧವಿಲ್ಲ, ಯಾರದಾದರೂ ಹೊಟ್ಟೆ ಕೆಟ್ಟರೆ ಮಾತ್ರ ಎಂದು ನೀಲಪ್ಪ ಬಿಡಿಸಿ ಹೇಳಿದ. ಹೇಳಬಾರದಿತ್ತು. ಎಪ್ಪತ್ನಾಲ್ಕು ವರ್ಷದ ಮರೆವ್ವ ಒಂದು ಗಳಿಗೆ ಮಗನ ಮುಖವನ್ನೇ ನೋಡಿದಳು.

ಅವಳು ನೋಡಿದ್ದಕ್ಕೆ ಕಾರಣವಿತ್ತು. ನಲವತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವಳು ಬುಟ್ಟಿಯಲ್ಲಿ ರೊಟ್ಟಿ ಹೊತ್ತುಕೊಂಡು ಹತ್ತಿ ಮಾರುಕಟ್ಟೆಯ ಹಮಾಲರಿಗೆ ಮಾರಿ ಮಗನನ್ನು ಬೆಳೆಸಿದವಳು. ಆಗ ಕೆಲವರು ಬುಟ್ಟಿಯನ್ನು ದೂರ ಇಡಿಸುತ್ತಿದ್ದರು. ಕೆಲವರು ರೊಟ್ಟಿಯ ವಾಸನೆಗೆ ಬಾಯಿ ನೀರೂರಿದರೂ ಜಾತಿ ನೆನಪಾಗಿ ಹೊಟ್ಟೆ ಹಸಿದುಕೊಂಡೇ ಹೋಗುತ್ತಿದ್ದರು. ಮರೆವ್ವ ಯಾರೊಂದಿಗೂ ಜಗಳ ಆಡಲಿಲ್ಲ. ರೊಟ್ಟಿ ಇನ್ನಷ್ಟು ತೆಳ್ಳಗೆ ಬಡಿದಳು, ಚಟ್ನಿ ಇನ್ನಷ್ಟು ನುಣ್ಣಗೆ ಕುಟ್ಟಿದಳು. ಬುಟ್ಟಿ ದೂರ ಇಡಿಸಿದವರ ಮಕ್ಕಳು ಬಂದರು, ಮೊಮ್ಮಕ್ಕಳು ಬಂದರು. ಈಗ ಬೆಂಚು ಸಿಗದಿದ್ದರೆ ಗೋಡೆಗೆ ಒರಗಿ ನಿಂತು ಉಣ್ಣುತ್ತಾರೆ. ತನ್ನ ಕೈಯ ಅನ್ನ ಉಂಡು ಒಬ್ಬನಿಗೂ ತಲೆ ಸಹ ನೋಯಲಿಲ್ಲ ಎನ್ನುವುದು ಅವಳ ಗಳಿಕೆ. ಉಳಿದದ್ದೆಲ್ಲ ಅವಳ ಲೆಕ್ಕಕ್ಕೇ ಇಲ್ಲ.

"ಕೇಳಿಲ್ಲೆ" ಎಂದಳು. "ಆ ಕಾಗದಕ್ಕ ಒಂದ್ ದಿನ ಕೆಲಸ ಬಿತ್ತಂದ್ರ, ನನ್ನ ಅಡಗಿ ಕೆಟ್ಟಿತ್ತು ಅಂತ ಯಾವನರ ಬರದಾ ಅಂದ್ರ, ಅವತ್ತ ನಾ ಒಲಿ ಮುಂದಿನಿಂದ ಎದ್ದೆ ಅಂತ ತಿಳಿ."

ನೀಲಪ್ಪ ನಕ್ಕ. ನಗುತ್ತಲೇ ಪೇಂಟರನನ್ನು ಕರೆಸಿ, ಹೊರಗಿನ ಗೋಡೆಗೂ ಒಂದು ಬೋರ್ಡು ಬರೆಸಿದ. ಒಕ್ಕಣೆ ಸ್ವಂತದ್ದು, ಮೂರು ರಾತ್ರಿ ಕೂತು ರಚಿಸಿದ್ದು: 'ಇಲ್ಲಿ ಉಂಡು ಹೊಟ್ಟೆ ಕೆಟ್ಟರೆ ಐದು ಲಕ್ಷ ರೂಪಾಯಿ ವಿಮೆ ಇರುತ್ತದೆ. ನಿಶ್ಚಿಂತೆಯಿಂದ ಬನ್ನಿರಿ.'

ಮೊದಲ ಎರಡು ದಿನ ಮಂದಿ ಅದನ್ನು ಓದಿ, ಹುಬ್ಬು ಗಂಟಿಕ್ಕಿ, ಇಡ್ಲಿ ಗಾಡಿಯ ಕಡೆಗೆ ನಡೆದರು. ಮೂರನೆಯ ದಿನ ಎದುರಿನ ಪಂಕ್ಚರ್ ಅಂಗಡಿಯ ಮಾಂತೇಶ ಗಾಳಿ ಹಾಕಿಸಲು ಬಂದವರ ಮುಂದೆ ಬೋರ್ಡನ್ನು ಗಟ್ಟಿಯಾಗಿ ಓದಿದ. "ಹೊಟ್ಟಿ ಕೆಟ್ಟರ... ಐದು ಲಕ್ಷ" ಎಂದ. ಇನ್ನೊಮ್ಮೆ ಓದಿದ. ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. ಅಂದು ಹನ್ನೊಂದು ಗಂಟೆಗೇ ಮರೆವ್ವನ ಖಾನಾವಳಿಯ ಬೆಂಚುಗಳು ತುಂಬಿದವು.

"ನೋಡಿದ್ಯಾ ಬೇ!" ಎಂದು ನೀಲಪ್ಪ ಅಡಿಗೆಮನೆಗೆ ಕೇಳುವಂತೆ ಕೂಗಿದ. "ಭರವಸಾ ಅಂದ್ರ ಇದು!"

ಗಿರಾಕಿಗಳು ಮಾತ್ರ ಸ್ವಲ್ಪ ವಿಚಿತ್ರವಾಗಿದ್ದರು. ಒಬ್ಬ ತಾಟು ಮುಂದೆ ಬಂದ ಕೂಡಲೇ, "ನಿನ್ನಿ ಪಲ್ಯೆ ಏನರ ಉಳದೈತೇನ್ರಿ?" ಎಂದು ಕೇಳಿದ.

"ನಮ್ಮಲ್ಲಿ ಉಳಿಯೂದಿಲ್ಲರಿ, ಎಲ್ಲಾ ಬಿಸೀದು" ಎಂದ ನೀಲಪ್ಪ.

"ಮೊನ್ನೀದೂ ಇಲ್ಲೇನ್ರಿ?" ಎಂದವನ ಮುಖ ಬಾಡಿತು.

ಇನ್ನೊಬ್ಬ ಮೊಸರನ್ನು ಮೂಸಿ ನೋಡಿ, ತಾಜಾ ಇದೆ ಎಂದು ಬೇಸರದಿಂದ ಪಕ್ಕಕ್ಕಿಟ್ಟ. ದೊಡವಾಡದಿಂದ ಒಂದು ಮನೆಯವರೆಲ್ಲ ಬಸ್ಸು ಹತ್ತಿಕೊಂಡು ಬಂದರು. ನಡುವೆ ಎಂಬತ್ತಾರು ವರ್ಷದ ಅಜ್ಜ ಅಮೋಘಸಿದ್ದಪ್ಪನನ್ನು ಎರಡೂ ರಟ್ಟೆ ಹಿಡಿದು ತಂದಿದ್ದರು.

"ನಮ್ಮ ಅಜ್ಜಗ ಗಂಜಿ ಸೈತ ದಕ್ಕೂದಿಲ್ಲರಿ" ಎಂದ ಮೊಮ್ಮಗ, ಅದನ್ನು ದೊಡ್ಡ ಅರ್ಹತೆಯೆಂಬಂತೆ. "ಒಂದ್ ಫುಲ್ ಊಟ ಕೊಡ್ರಿ. ಖಾರ ಜಾಸ್ತಿ ಇರ್ಲಿ."

ಅಜ್ಜ ಒಂದು ರೊಟ್ಟಿ ಮುರಿದು ಪಲ್ಯೆ ಹಚ್ಚಿ ಬಾಯಿಗಿಟ್ಟ. ಮನೆಯವರು ಊಟ ಬಿಟ್ಟು ಅವನ ಮುಖವನ್ನೇ ನೋಡುತ್ತ ಕುಳಿತರು. ಅಜ್ಜ ಎರಡನೆಯದನ್ನು ಮುಗಿಸಿದ. ಚಟ್ನಿಯನ್ನು ತಾಟಿನಿಂದ ಬಳಿದು ನೆಕ್ಕಿದ. ಬಸ್ ನಿಲ್ದಾಣದವರೆಗೆ ಕೇಳುವಂತೆ ಒಂದು ತೇಗು ತೇಗಿ, "ಇನ್ನೊಂದ್ ರೊಟ್ಟಿ ತಾರಪಾ" ಎಂದ. ವಾರ ಕಳೆಯುವುದರೊಳಗೆ ಅವನು ಯಾರ ರಟ್ಟೆಯ ಆಸರೆಯೂ ಇಲ್ಲದೆ ತಾನೇ ಬಸ್ಸು ಹತ್ತಿ ಊಟಕ್ಕೆ ಬರತೊಡಗಿದ. ಮೊಮ್ಮಗ ಬಂದು ಜಗಳ ತೆಗೆದ: "ನಿಮ್ಮ ಊಟ ಉಂಡು ನಮ್ಮ ಅಜ್ಜ ಮನ್ಯಾಗ ಎಲ್ಲಾರ ಅಡಗೀಗೂ ಉಪ್ಪಿಲ್ಲ ಖಾರಿಲ್ಲ ಅಂತ ಹೆಸರಿಡಾಕ ಹತ್ಯಾನ್ರಿ. ಇದಕ್ಕ ಯಾರು ಜವಾಬ್ದಾರಿ?"

ಮಾಂತೇಶನ ಸ್ಥಿತಿಯಂತೂ ಹೇಳತೀರದು. ಹನ್ನೆರಡು ದಿನ ಎರಡೂ ಹೊತ್ತು ಹಠ ಹಿಡಿದು ಉಂಡು ಅವನ ಬೆಲ್ಟಿಗೆ ಹೊಸದೊಂದು ತೂತು ಮಾಡಿಸಬೇಕಾಯಿತು. ಕೊನೆಗೆ ಒಂದು ದಿನ ಗಲ್ಲೆಯ ಹತ್ತಿರ ಬಾಗಿ, "ಕಾಕಾ, ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ದವಾಖಾನಿ ಚೀಟಿ ತಂದು ನಿಮಗ ಕೊಡಬೇಕೋ, ಸೀದಾ ಕಂಪನಿಗೆ ಕೊಡಬೇಕೋ?" ಎಂದ.

ನೀಲಪ್ಪನಿಗೆ ಆಗ ಬೆಳಕಾಯಿತು. ಬೆಳಕಾದವನು ನೇರವಾಗಿ ಮುಕುಂದನ ಮನೆಗೆ ಓಡಿದ.

"ಅಯ್ಯೋ ರಾಮಾ!" ಎಂದ ಮುಕುಂದ. "ಬೋರ್ಡ್ ಬರಸೂ ಮುಂದ ನನ್ನ ಕೇಳಬಾರದೇನ್ರಿ? ದವಾಖಾನಿ ಬಿಲ್ ಎಷ್ಟೋ ಅಷ್ಟ ಕೊಡೂದು. ಅದೂ ಊಟದಾಗ ದೋಷ ಇತ್ತು ಅಂತ ಖಾತ್ರಿ ಆದ ಮ್ಯಾಲೆ. ಇವತ್ತ ಆ ಬೋರ್ಡ್ ಅಳಸ್ರಿ."

ಅಳಿಸಬೇಕೆಂದೇ ನೀಲಪ್ಪ ತಿರುಗಿ ಬಂದ. ಆದರೆ ದಾರಿಯಲ್ಲಿ ಅವನಿಗೊಂದು ವಿಚಾರ ಹೊಳೆಯಿತು. ವಿಚಾರ ಹೊಳೆದಾಗಲೆಲ್ಲ ನೀಲಪ್ಪನಿಗೆ ಕೇಡೇ. ಹನ್ನೆರಡು ದಿನ, ದಿನಕ್ಕೆ ನೂರೈವತ್ತು ಮಂದಿ. ಹೊಟ್ಟೆ ಕೆಡಲಿ ಎಂದು ಹರಕೆ ಹೊತ್ತು ಉಂಡವರು. ಇಷ್ಟೊಂದು ಕೆಟ್ಟ ಮನಸ್ಸಿನಿಂದ ಯಾವ ಖಾನಾವಳಿಯಲ್ಲೂ ಯಾರೂ ಉಂಡಿರಲಿಕ್ಕಿಲ್ಲ. ಅಷ್ಟಾದರೂ ಒಬ್ಬನಿಗೆ, ಒಬ್ಬನೇ ಒಬ್ಬನಿಗೆ, ಹುಳಿತೇಗು ಸಹ ಬಂದಿಲ್ಲ! ಕಿತ್ತೂರಿನ ಹನ್ನೊಂದು ಸರ್ಟಿಫಿಕೇಟಿನ ಹೋಟೆಲು ಇಂಥ ಪರೀಕ್ಷೆಗೆ ಕೂತಿದೆಯೇ? ನೀಲಪ್ಪನ ಎದೆ ಉಬ್ಬಿತು. ನಮ್ಮವ್ವನ ಅಡಿಗೆಯನ್ನು ಇಡೀ ತಾಲೂಕು ಕೂಡಿದರೂ ಸೋಲಿಸಲಾಗಲಿಲ್ಲ ಎಂದು ನೆನೆದು ಅವನಿಗೆ ಕಣ್ಣಲ್ಲಿ ನೀರೇ ಬಂತು. ಬೋರ್ಡು ಅಲ್ಲೇ ಉಳಿಯಿತು.

ಮರುವಾರ ರವಿವಾರ ರಾಮದುರ್ಗದಿಂದ ಬೀಗರು ಬಂದರು.

ಬೀಗ ಮುತ್ತಪ್ಪ ಬಸ್ ಕಂಟ್ರೋಲರ್ ಆಗಿ ನಿವೃತ್ತನಾದವನು. ಆರಡಿ ಎತ್ತರ, ಗಿರಿಜಾ ಮೀಸೆ, ಮಾತಿನಲ್ಲಿ ಈಗಲೂ ಸೀಟಿಯ ಗತ್ತು. ನೀಲಪ್ಪನ ಒಬ್ಬಳೇ ಮಗಳು ಸ್ನೇಹಲ್‌ಳನ್ನು ಅವನ ಮಗನಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಸೊಸೆಯನ್ನು ತವರಿಗೆ ಬಿಟ್ಟುಹೋಗಲು ಬಂದವನಿಗಾಗಿ ಮರೆವ್ವ ಬೇರೆ ಒಲೆ ಹಚ್ಚಿ ಹೂರಣದ ಹೋಳಿಗೆ ಮಾಡಿದಳು.

ನಮ್ಮ ಕಡೆ ಬೀಗರಿಗೆ ಉಣ್ಣಿಸುವುದಕ್ಕೆ ಕಾನೂನು ಇದೆ. ಅದು ಎಲ್ಲೂ ಅಚ್ಚಾಗಿಲ್ಲ, ಆದರೆ ಮುರಿದವರು ಬದುಕಿಲ್ಲ. ಬೀಗ "ಸಾಕು" ಅನ್ನಬೇಕು, ಯಜಮಾನ ಬಡಿಸಬೇಕು. ಮೊದಲನೆಯ 'ಸಾಕು' ಸಂಕೋಚ, ಎರಡನೆಯದು ರೀತಿ, ಮೂರನೆಯದು ರೂಢಿ. ನಾಲ್ಕನೆಯದು ನಿಜ, ಆದರೆ ಅಷ್ಟು ಹೊತ್ತಿಗೆ ತಾಟಿನಲ್ಲಿ ಇನ್ನೆರಡು ಬಿದ್ದಿರುತ್ತವೆ. ಎಲ್ಲಕ್ಕಿಂತ ದೊಡ್ಡ ಕಲಮು ಇದು: ಬೀಗ ಉಂಡದ್ದನ್ನು ಯಾರೂ ಎಣಿಸಬಾರದು. ಎಣಿಸಿದರೂ ಬಾಯಿ ಬಿಡಬಾರದು.

"ನಮ್ಮ ಮ್ಯಾಲೆ ಸಿಟ್ಟೇನ್ರಿ ಬೀಗರ?" ಎಂದು ನೀಲಪ್ಪ ಒಂದು ಹಾಕಿದ. "ಹೋಳಿಗಿ ಸೇರಲಿಲ್ಲಂತ ಕಾಣತೈತಿ" ಎಂದು ಅವನ ಹೆಂಡತಿ ಭಾಗ್ಯಾ ತುಪ್ಪ ಸುರಿದಳು. ಮುತ್ತಪ್ಪ ಎರಡೂ ಕೈ ಚಾಚಿ ತಾಟು ಮುಚ್ಚಿದ. ನೀಲಪ್ಪ ಬೆರಳ ಸಂದಿಯಿಂದ ಇನ್ನೊಂದು ತೂರಿಸಿದ. ಒಳಗಿನಿಂದ ಮರೆವ್ವ, "ಬೀಗರು ಏನೂ ಉಣ್ಣವಲ್ರಲ್ಲೋ" ಎಂದು ಕೂಗಿದಳು. ಉಣ್ಣುತ್ತಿದ್ದರು. ಬಹಳ ಉಣ್ಣುತ್ತಿದ್ದರು.

ಸಂಜೆ ಐದಕ್ಕೆ ಮುತ್ತಪ್ಪ ಕೂತಲ್ಲಿಂದ ಏಳಲಿಲ್ಲ. ಐದೂವರೆಗೆ ಕೂಡಲೂ ಆಗಲಿಲ್ಲ. ಆರಕ್ಕೆ ನಾಲ್ಕು ಮಂದಿ ಹೊತ್ತು ಆಟೋದಲ್ಲಿ ಹಾಕಿ ದವಾಖಾನೆಗೆ ಒಯ್ದರು.

"ಏನು ಉಂಡಿದ್ರಿ?" ಎಂದರು ಡಾಕ್ಟರು.

ಮುತ್ತಪ್ಪ ಮಂಚದ ಸುತ್ತ ನೋಡಿದ. ಸೊಸೆ ನಿಂತಿದ್ದಾಳೆ, ಬೀಗರು ನಿಂತಿದ್ದಾರೆ. ಬೀಗರ ಮನೆಯಲ್ಲಿ ಹೊಟ್ಟೆ ಬಿರಿಯೆ ಉಂಡು ಬಿದ್ದ ಎಂಬ ಮಾತು ರಾಮದುರ್ಗ ಮುಟ್ಟಿದರೆ ಮೀಸೆ ಬೋಳಿಸುವುದೊಂದೇ ದಾರಿ.

"ಸ್ವಲ್ಪರಿ" ಎಂದ.

"ಸ್ವಲ್ಪ ಅಂದ್ರ?"

"ಎಲ್ಲಾರಂಗ. ಸ್ವಲ್ಪ."

ಸ್ವಲ್ಪ ಉಂಡವನಿಗೆ ಇಷ್ಟು ನೋವಾಗುವುದು ಹೇಗೆ? ಡಾಕ್ಟರು ಓದಿದವರು. 'ಕಲುಷಿತ ಆಹಾರದ ಶಂಕೆ' ಎಂದು ಚೀಟಿಯಲ್ಲಿ ಬರೆದರು.

ನೀಲಪ್ಪ ಗಾಬರಿಯಲ್ಲಿ ಫೋನ್ ತೆಗೆದು, ಯಾರಿಗೆ ಮಾಡಬೇಕೆಂದು ತಿಳಿಯದೆ ಮುಕುಂದನಿಗೇ ಮಾಡಿ, "ರಾಯರ, ಬೀಗರು ದವಾಖಾನಿ ಸೇರ್ಯಾರ್ರೀ!" ಎಂದು ಅತ್ತ. ಮುಕುಂದ ಆರು ವರ್ಷದಿಂದ ಪಾಲಿಸಿ ಮಾರುತ್ತ ಬಂದವನು. ಒಬ್ಬ ಗಿರಾಕಿಯೂ ಅವನಿಗೊಂದು ಕ್ಲೇಮು ತಂದುಕೊಟ್ಟಿರಲಿಲ್ಲ. "ಅಳಬ್ಯಾಡ್ರಿ ನೀಲಪ್ಪನವರ, ಧೈರ್ಯ ಬಿಡಬ್ಯಾಡ್ರಿ, ನನ್ನ ಮೊದಲನೇ ಕ್ಲೇಮು!" ಎಂದವನೇ ಬೆಳಗಾವಿಯ ಆಫೀಸಿಗೆ ತಿಳಿಸಿಬಿಟ್ಟ.

ಬೆಳಗಾಗುವುದರೊಳಗೆ ದವಾಖಾನೆಯ ಮುಂದೆ ಜಾತ್ರೆ ನೆರೆಯಿತು. ಎಳನೀರು ತಂದವರ ಮುಖದಲ್ಲಿ ಕನಿಕರಕ್ಕಿಂತ ಸಂಕಟ ಹೆಚ್ಚಿತ್ತು. "ನಾವು ಇಪ್ಪತ್ತು ದಿನ ಹಗಲೂ ರಾತ್ರಿ ಉಂಡೇವಿ" ಎಂದ ಮಾಂತೇಶ. "ರಾಮದುರ್ಗದಾಂವ ಬಂದು ಒಂದ ಹೊತ್ತಿನಾಗ ಐದು ಲಕ್ಷ ಹೊಡಕೊಂಡು ಹ್ವಾದಾ! ನಮ್ಮ ಊರಿಗೆ ಅನ್ಯಾಯ ಆತು." ಮುತ್ತಪ್ಪನಿಗೆ ಅಷ್ಟರಲ್ಲಿ ಹೊಟ್ಟೆ ಹಗುರಾಗಿತ್ತು. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವುದು ಅವನ ಸರ್ವೀಸಿನಲ್ಲೇ ಇರಲಿಲ್ಲ.

ಸುದ್ದಿ ಮರೆವ್ವನನ್ನು ಮುಟ್ಟಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದ ಕೈ ನಿಂತಿತು. ಒಲೆಗೆ ನೀರು ಸುರಿದಳು. ಹಂಚನ್ನು ಇಳಿಸಿ ಗೋಡೆಗೆ ಬೋರಲು ಒರಗಿಸಿ, ಕೈ ತೊಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತಳು.

"ಯವ್ವಾ, ಹಿಂಗ್ಯಾಕ ಮಾಡ್ತಿ ಬೇ?" ಎಂದು ನೀಲಪ್ಪ ಕಾಲ ಬುಡಕ್ಕೆ ಕೂತ.

"ಕಂಪನ್ಯಾವ್ರು ಬರ್ಲಿ" ಎಂದಳು ಮರೆವ್ವ. "ಏನು ಬರೀತಾರೋ ಬರೀಲಿ. ಕೆಟ್ಟಿತ್ತು ಅಂತ ಬರದ್ರ ಆ ಹಂಚು ಮತ್ತ ಒಲಿ ಏರೂದಿಲ್ಲ."

ನಲವತ್ತು ವರ್ಷದಲ್ಲಿ ಆ ರಸ್ತೆಯ ಮೂಗಿಗೆ ಮೊದಲ ಸಲ ಏನೂ ಸಿಗಲಿಲ್ಲ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಹಮಾಲರು ಬಂದು ಬಾಗಿಲಲ್ಲಿ ನಿಂತು, ಮುದುಕಿಯ ಮುಖ ನೋಡಿ, ತಿರುಗಿ ಹೋದರು. ನೀಲಪ್ಪನಿಗೆ ಅನ್ನ ಸೇರಲಿಲ್ಲ. ಗೋಡೆಯ ಮೇಲಿನ ನೀಲಿ ಅಂಚಿನ ಕಾಗದ ನೋಡಿದರೆ ಅವನ ಮೇಲೆ ಅವನಿಗೇ ಹೇಸಿಕೆ ಬರುತ್ತಿತ್ತು.

ಮೂರನೆಯ ದಿನ ಬೆಳಗಾವಿಯಿಂದ ತನಿಖೆಗೆ ಶರ್ವರಿ ಮೇಡಂ ಬಂದರು. ಮೂವತ್ತರ ಆಚೀಚೆಯ ಹೆಣ್ಣುಮಗಳು, ಕೈಯಲ್ಲಿ ಫೈಲು, ಮುಖದಲ್ಲಿ ನಗೆ ಇಲ್ಲ. ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಊರೇ ಬಂದಿತ್ತು. ಒಂದು ಬೆಂಚಿನ ಮೇಲೆ ಮುತ್ತಪ್ಪ ಶಾಲು ಹೊದ್ದು ಕೂತಿದ್ದ, ಬದಿಯಲ್ಲಿ ಸ್ನೇಹಲ್. ಮುಕುಂದ ಹೊಸ ಅಂಗಿ ತೊಟ್ಟಿದ್ದ. ಮರೆವ್ವ ಕಟ್ಟೆಯ ಮೇಲಿನಿಂದ ಎದ್ದು ಬಾಗಿಲಿಗೆ ಬಂದು ನಿಂತಳು.

"ಇಲ್ಲೆ ಇಪ್ಪತ್ತು ದಿವಸದಾಗ ಉಂಡವರ ಪೈಕಿ ಬ್ಯಾರೆ ಯಾರಿಗರೆ ತ್ರಾಸ ಆಗೇದೇನು?" ಎಂದರು ಮೇಡಂ.

"ಇಲ್ಲರಿ" ಎಂದರು ನೂರು ಮಂದಿ, ತುಂಬ ದುಃಖದಿಂದ. "ಎಷ್ಟು ಪ್ರಯತ್ನ ಮಾಡಿದ್ರೂ ಆಗಲಿಲ್ಲರಿ" ಎಂದ ಮಾಂತೇಶ.

"ಅವತ್ತಿನ ಹೋಳಿಗಿ?"

"ಬೀಗರಿಗಂತ ಬ್ಯಾರೆ ಮಾಡಿದ್ದು. ನಾವು ಮನ್ಯಾವ್ರು ಒಂದೊಂದು ಉಂಡೇವ್ರಿ, ನಮಗೇನೂ ಆಗಿಲ್ಲ" ಎಂದ ನೀಲಪ್ಪ.

ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದರು. "ಹಂಗಾದ್ರ ಒಂದ ಪ್ರಶ್ನೆ ಉಳೀತು. ಇವರು ಎಷ್ಟು ಉಂಡ್ರು? ಹೆಚ್ಚು ಉಂಡಿದ್ರ ಅಜೀರ್ಣ. ಕಡಿಮಿ ಉಂಡಿದ್ರ ಊಟದಾಗ ದೋಷ. ನೀವ ಬಡಿಸೀರಿ. ನೀವ ಹೇಳ್ರಿ."

ಸ್ನೇಹಲ್ ಅಪ್ಪನ ಬೆನ್ನಿಗೆ ಬಂದು ಪಿಸುಗುಟ್ಟಿದಳು: "ಅಪ್ಪಾ, ಎಣಿಕಿ ಹೇಳಬ್ಯಾಡ. ನೂರು ಮಂದ್ಯಾಗ ಮಾವನ ಮಾನ ತಗದ್ರ ನಾ ಯಾವ ಮುಖ ಹೊತ್ತು ಆ ಮನಿಗೆ ಹೋಗ್ಲಿ?"

ಒಂದು ಕಡೆ ಮಗಳು, ಇನ್ನೊಂದು ಕಡೆ ತಾಯಿ. ನೀಲಪ್ಪನಿಗೆ ಎಣಿಕೆ ಚೆನ್ನಾಗಿ ಗೊತ್ತಿತ್ತು. ಗಲ್ಲೆಯ ಮೇಲೆ ಕೂತವನು ಎಣಿಸದೆ ಹೇಗಿರುತ್ತಾನೆ? ನಿಜ ಹೇಳಿದರೆ ಅವ್ವನ ಒಲೆ ಉರಿಯುತ್ತದೆ, ಮಗಳ ಬಾಳು ಉರಿಯುತ್ತದೆ. ಸುಮ್ಮನಿರಬೇಕೆಂದು ಬಾಯಿ ಮುಚ್ಚಿದ. ಬಾಯಿ ಅವನ ಮಾತು ಕೇಳದೆ ತಾನೇ ತೆರೆದು, ಬೀಗರ ಮರ್ಯಾದೆಗೆ ತಕ್ಕ ಒಂದು ಸಂಖ್ಯೆಯನ್ನು ಹೇಳಿಬಿಟ್ಟಿತು.

"ನಾಕರಿ."

"ನಾಕು?"

"ಹೂಂರಿ. ಬೀಗರದು ಭಾಳ ಸಣ್ಣ ಊಟರಿ. ನಾಕ ನಾಕು ಹೋಳಿಗಿ."

ಮರೆವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹೆತ್ತ ಮಗನೇ ಹೀಗೆ ಹೇಳಿದನಲ್ಲ ಎಂದು ಅವಳ ಮುಖ ಸಣ್ಣದಾಯಿತು. ಮೇಡಂ ಫೈಲಿನ ಮೇಲೆ ಬಾಗಿ, "ನಾ..ಲ್ಕು. ಮಿತವಾದ ಊಟ. ಆದ ಕಾರಣ ಆಹಾರದಲ್ಲಿ ದೋಷ..." ಎಂದು ಓದಿಕೊಳ್ಳುತ್ತ ಬರೆಯತೊಡಗಿದರು.

ಆಗ ಹಿಂದಿನ ಸಾಲಿನಿಂದ ಒಂದು ನಗೆ ಕೇಳಿಸಿತು.

"ನಾಕಕ್ಕ ಬಿದ್ದಾನೇನು?" ಎಂದ ಮಾಂತೇಶ. "ಇಷ್ಟ ಏನ್ರಿ ರಾಮದುರ್ಗದ ಗಂಡಸ್ತನ?"

"ನನಗ ಎಂಬತ್ತಾರು" ಎಂದ ದೊಡವಾಡದ ಅಮೋಘಸಿದ್ದಪ್ಪಜ್ಜ, ಕೋಲು ನೆಲಕ್ಕೆ ಕುಟ್ಟುತ್ತ. "ನಾ ಆರು ತಿಂದು ಓಡಿ ಬಸ್ ಹಿಡಿತೇನಿ. ಪಾಪ, ಆಳು ನೋಡಿದ್ರ ಮರದೆತ್ತರ ಐತಿ, ಹೊಟ್ಟಿ ಗುಬ್ಬೀದು."

ನಗೆ ಬೆಂಚಿನಿಂದ ಬೆಂಚಿಗೆ ಹಬ್ಬಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುತ್ತಪ್ಪನ ಕಿವಿ ಕೆಂಪಾದವು. ಗಿರಿಜಾ ಮೀಸೆ ನಡುಗಿತು. ಶಾಲನ್ನು ಕಿತ್ತೊಗೆದು ಅವನು ಎದ್ದು ನಿಂತ.

"ಏ, ನಿಲ್ಲಸ್ರಿ ಮೇಡಂ ನಿಮ್ಮ ಪೆನ್ನು!" ಎಂದು ಗುಡುಗಿದ. "ನಾಕಂತ ನಾಕು! ಬರಕೋರಿ. ಹದಿನಾಕು!"

ಮೇಡಂ ಅವರ ಪೆನ್ನು ಕಾಗದದಿಂದ ಮೇಲೆದ್ದಿತು.

"ಹದಿನಾಕು ಹೋಳಿಗಿ. ಒಂದೊಂದಕ್ಕೂ ಒಂದೊಂದು ಸೌಟು ತುಪ್ಪ. ಅದಕ್ಕೂ ಮೊದಲ ನಾಕು ರೊಟ್ಟಿ. ಕಡೀಕ ಎರಡು ಬಟ್ಟಲಾ ಮಸರನ್ನ. ರಾಮದುರ್ಗದ ಮುತ್ತಪ್ಪ ಅಂದ್ರ ಏನಂತ ತಿಳದೀರಿ?"

"ಒತ್ತಾಯ ಮಾಡಿ ಉಣ್ಣಿಸಿದ್ರೇನು?" ಎಂದರು ಮೇಡಂ.

ಮುತ್ತಪ್ಪ ಬಾಗಿಲ ಕಡೆಗೆ ತಿರುಗಿದ. ಅಲ್ಲಿ ಮರೆವ್ವ ನಿಂತಿದ್ದಳು. ಅವನ ದನಿ ಇಳಿಯಿತು.

"ನಾಕರ ತನಕಾ ಒತ್ತಾಯರಿ. ಮುಂದಿನ ಹತ್ತು ನಾನಾಗೇ ಉಂಡೇನಿ. ಸಾಕು ಸಾಕು ಅನಕೊಂತ ಉಂಡೇನಿ. ಏಳಬೇಕಂದ್ರ ಮನಸ ಬರಲಿಲ್ಲ. ನಮ್ಮವ್ವ ತೀರಿಕೊಂಡ ಮ್ಯಾಲೆ ಇಂಥಾ ಹೋಳಿಗಿ ನಾ ಕಂಡಿದ್ದಿಲ್ಲರಿ." "ಯವ್ವಾ, ನಿನ್ನ ಕೈಗೆ ಹೆಸರಿಟ್ನಲ್ಲಾ, ನನಗ ಬುದ್ಧಿ ಇಲ್ಲ. ಮನಸಿನ್ಯಾಗ ಇಟಗೋಬ್ಯಾಡ."

ಮಾನ ಹೋಗುತ್ತದೆಂದು ಸ್ನೇಹಲ್ ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ಇಡೀ ಖಾನಾವಳಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. "ಹದಿನಾಕು! ಗಂಡಸಂದ್ರ ಗಂಡಸಪಾ!" ಎಂದು ಮಾಂತೇಶ ಮುತ್ತಪ್ಪನ ಕೈ ಕುಲುಕಿದ. ಅಮೋಘಸಿದ್ದಪ್ಪಜ್ಜ ತಾನು ಹರೆಯದಲ್ಲಿ ಹದಿನೆಂಟು ತಿಂದದ್ದಾಗಿ ಹೇಳುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ನೀಲಪ್ಪ ಮಾತ್ರ ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ. ತಾನು ಕೆಡಿಸಿದ್ದು ತಾನಾಗಿಯೇ ಸರಿಹೋದದ್ದು ಅವನ ಬಾಳಿನಲ್ಲಿ ಇದೇ ಮೊದಲು.

ಶರ್ವರಿ ಮೇಡಂ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು: "ಆಹಾರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಕ್ಲೇಮು ಮಾನ್ಯವಲ್ಲ." ಆಮೇಲೆ ತಲೆಯೆತ್ತಿ, "ರುಚಿಯಿಂದ ಆದ ತ್ರಾಸಕ್ಕ ನಮ್ಮ ಪಾಲಿಸಿಯೊಳಗ ಜಾಗಾ ಇಲ್ಲ" ಎಂದರು.

"ಅಂಥಾದ್ದೊಂದು ಪಾಲಿಸಿ ಮುಂದ ಬರಬಹುದೇನ್ರಿ?" ಎಂದು ಮುಕುಂದ ಆಸೆಯಿಂದ ಕೇಳಿದ.

ಮರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂದಿಯ ನಡುವೆ ಹಾದು ಒಳಗೆ ಹೋಗಿ ಹಂಚನ್ನು ಎತ್ತಿ, ಧೂಳು ಜಾಡಿಸಿ, ಒಲೆಯ ಮೇಲಿಟ್ಟಳು. ಕಡ್ಡಿ ಗೀರಿದ ಸಪ್ಪಳ ಹೊರಗಿನವರೆಗೆ ಕೇಳಿಸಿತು. ಮತ್ತೆ ಬಾಗಿಲಿಗೆ ಬಂದು, ಎರಡೂ ಕೈ ಸೊಂಟಕ್ಕಿಟ್ಟು, ಊರನ್ನೆಲ್ಲ ಒಂದು ಸಲ ಕಣ್ಣಾಡಿಸಿ ನೋಡಿದಳು.

"ಉಣ್ಣಾವ್ರು ಎಷ್ಟು ಮಂದಿ ಅದೀರಿ? ಕೈ ಎತ್ತರಿ."

ನೂರು ಕೈ ಮೇಲೆದ್ದವು. ಮುಕುಂದನ ಕೈ ಎದ್ದಿತು, ಅಜ್ಜನ ಕೋಲೂ ಎದ್ದಿತು. ಶರ್ವರಿ ಮೇಡಂ ಫೈಲನ್ನು ಚೀಲದೊಳಗಿಟ್ಟು ಅದರ ಬಾಯಿ ಮುಚ್ಚಿ, ಸುತ್ತ ನೋಡಿ, ನಿಧಾನವಾಗಿ ತಾವೂ ಒಂದು ಕೈ ಎತ್ತಿದರು. ಬೆಂಚಿನ ಮೂಲೆಯಲ್ಲಿ ಮುತ್ತಪ್ಪನ ಕೈಯೂ ಅರ್ಧ ಎದ್ದಿತ್ತು. ಸ್ನೇಹಲ್ ಅದನ್ನು ಹಿಡಿದು ಕೆಳಗಿಳಿಸಿದಳು.